ಅರ್ಧ ನಿಮಿಷ ತಡ

"ಮೂರು ಗಂಟೆಗೆ ವಾಪಸ್ಸು. ಮೂರು ಸಲ ಗಂಟೆ ಹೊಡೀತೀನಿ. ಮೂರನೇದಕ್ಕೂ ಬರದೇ ಇರೋರು ನಾಳೆ ಇದೇ ದೋಣಿಗೆ ಬನ್ನಿ," ಎಂದು ದೋಣಿಯವನು ಕೂಗಿ ಹೇಳುವಾಗ ಗಂಟೆ ಮೇಷ್ಟ್ರು ಒಂದು ಕಾಲು ದೋಣಿಯಲ್ಲಿ, ಇನ್ನೊಂದು ಕಾಲು ನೀರಿನಲ್ಲಿ ಇಟ್ಟು, ಬಲಗೈಯಲ್ಲಿ ಎರಡು ಜೊತೆ ಚಪ್ಪಲಿ, ಎಡಗೈಯಲ್ಲಿ ಬುತ್ತಿಚೀಲ ಹಿಡಿದು ನಿಂತಿದ್ದರು. ಅವರು ದೋಣಿಯವನ ಮುಖ ನೋಡಲಿಲ್ಲ. ಅವನ ತಲೆಯ ಮೇಲೆ ತೂಗುತ್ತಿದ್ದ ಗಂಟೆಯನ್ನೇ ನೋಡಿದರು. ಅದರ ಬಾಯಿಯ ಹತ್ತಿರ ಕೂದಲೆಳೆಯಷ್ಟು ಬಿರುಕಿತ್ತು.

"ಒಡೆದಿದೆ," ಎಂದರು.

"ಏನು ಯಜಮಾನ್ರೇ?"

"ಗಂಟೆ. ಒಡೆದ ಗಂಟೆ ದೂರ ಹೋಗಲ್ಲ."

"ಇಲ್ಲಿ ದೂರ ಅನ್ನೋದು ಎಲ್ಲಿದೆ? ಅರ್ಧ ಗಂಟೆ ನಡೆದ್ರೆ ದ್ವೀಪ ಮುಗಿದು ಮತ್ತೆ ನನ್ನ ಹತ್ರಾನೇ ಬರ್ತೀರ!"

ದೋಣಿಯಲ್ಲಿದ್ದ ಹತ್ತು ಹನ್ನೆರಡು ಜನ ನಕ್ಕರು. ಮೇಷ್ಟ್ರ ಹೆಂಡತಿಯೂ ನಕ್ಕಳು. ಆದರೆ ಸದ್ದು ಮಾಡದೆ, ಭುಜ ಮಾತ್ರ ಕುಣಿಸಿ.

ಮೇಷ್ಟ್ರು ಎಂಬುದು ಊರು ತಮಾಷೆಗೆ ಕೊಟ್ಟ ಪದವಿ. ಅವರು ಒಂದು ದಿನವೂ ಪಾಠ ಹೇಳಿದವರಲ್ಲ. ಮೂವತ್ತಮೂರು ವರ್ಷ ಶಾಲೆಯ ಗಂಟೆ ಹೊಡೆದು, ಹೋದ ವರ್ಷ ನಿವೃತ್ತರಾದವರು. ಅವರ ಕೈಯ ಸುತ್ತಿಗೆ ಬಿದ್ದ ಕೂಡಲೇ ಆರುನೂರು ಮಕ್ಕಳು ದಡಬಡ ಓಡುತ್ತಿದ್ದರು. ಪಾಠ ಹೇಳುವ ನಿಜವಾದ ಮೇಷ್ಟ್ರುಗಳೂ ಓಡುತ್ತಿದ್ದರು. ಇವರು ಮಾತ್ರ ಸುತ್ತಿಗೆಯನ್ನು ಮೊಳೆಗೆ ನೇತುಹಾಕಿ, ಸ್ಟೂಲಿನ ಮೇಲೆ ಕೂತು, ಆರಿದ ಚಹಾ ಕುಡಿಯುತ್ತಿದ್ದರು. ಗಂಟೆಯಾದರೆ ಏಳುವುದು ಲೋಕದ ಕೆಲಸ, ಕೂರುವುದು ತಮ್ಮ ಕೆಲಸ ಎಂದು ಅವರ ಮೈಗೆ ಒಗ್ಗಿಹೋಗಿತ್ತು.

ಹೆಂಡತಿಯನ್ನು ಊರು ಮೈಕಕ್ಕ ಎನ್ನುತ್ತಿತ್ತು. ಬಸ್‌ಸ್ಟ್ಯಾಂಡಿನ ಗಾಜಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರಂಗೆ ಎಂದು ಹೇಳಿದವಳು. ಮಗು ಕಳೆದುಹೋದರೆ ಅಂಗಿಯ ಬಣ್ಣ ಹೇಳಿ ತಾಯಿಯನ್ನು ಕರೆದವಳು. ಆ ದನಿ ಕೇಳದೆ ಊರಿನ ಯಾರೂ ಊರು ಬಿಟ್ಟಿರಲಿಲ್ಲ. ಆಕೆ ಮಾರ್ಕೆಟ್ಟಿನಲ್ಲಿ ಬದನೆಕಾಯಿಯ ತೂಕ ಕೇಳಿದರೂ ಪಕ್ಕದಲ್ಲಿದ್ದವರು ಒಮ್ಮೆ ತಮ್ಮ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮನೆಯಲ್ಲೂ ಮಾತೆಲ್ಲ ಆಕೆಯದೇ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ಮೇಷ್ಟ್ರನ್ನು ಹೊಗಳಿದರೆ, "ಆ ಬಂಗಾರ ಪೆಟ್ಟಿಗೆ ಬಿಟ್ಟು ಈಚೆ ಬರಲ್ಲ. ದಿನಾ ಬಳಕೆಗೆ ನನ್ನ ಬೆಳ್ಳೀನೇ ಆಗ್ಬೇಕು," ಎನ್ನುತ್ತಿದ್ದಳು.

ಆ ಗಂಟಲಿನಲ್ಲೇ ಈಗ ಗಂಟು. ಸೋಮವಾರ ಆಪರೇಷನ್. ದೊಡ್ಡ ಡಾಕ್ಟರು ತಿಂಗಳಿಗೊಂದೇ ಸಲ ಊರಿಗೆ ಬರುತ್ತಿದ್ದುದರಿಂದ ಭಾನುವಾರ ಬೆಳಿಗ್ಗೆ ಎಂಟಕ್ಕೆ ತಪ್ಪದೆ ಆಸ್ಪತ್ರೆ ಸೇರಬೇಕು ಎಂದಿದ್ದರು. "ಗಂಟು ತೆಗೆಯೋದು ನನ್ನ ಕೈಲಿದೆ. ದನಿ ಉಳಿಸೋದು ನನ್ನ ಕೈಲಿಲ್ಲ," ಎಂದೂ ಹೇಳಿದ್ದರು. ಅಲ್ಲಿಯವರೆಗೆ ಮೆಲ್ಲಗೆ ಮಾತಾಡಬಹುದು, ಕೂಗಲೇಬಾರದು.

ಮಗಳು ತನ್ನ ಹಳೆಯ ಮೊಬೈಲು ತಂದು, "ಅಮ್ಮ, ಏನಾದ್ರೂ ಮಾತಾಡು, ರೆಕಾರ್ಡ್ ಮಾಡಿಟ್ಕೊಳ್ತೀನಿ," ಎಂದಾಗ ಮೈಕಕ್ಕ ಅದನ್ನು ದೂರ ತಳ್ಳಿದ್ದಳು. "ನಾನೇನು ಜೇನುತುಪ್ಪಾನಾ, ಸೀಸೆಯಲ್ಲಿ ತುಂಬಿಡೋಕೆ? ಹೋದ್ರೆ ಹೋಗ್ಲಿ. ಇಲ್ಲದೇ ಇರೋದನ್ನ ಮತ್ತೆ ಮತ್ತೆ ಕೇಳ್ಕೊಂಡು ಅಳ್ತಾ ಕೂರೋದು ಬೇಡ."

ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಮೇಷ್ಟ್ರ ನಂಬಿಕೆ. ಆದರೆ ಮಗಳು ಹೊರಡುವಾಗ ಹಿತ್ತಲ ಮೆಟ್ಟಿಲ ಹತ್ತಿರ ಅವಳನ್ನು ತಡೆದು, "ಅದು ಹೇಗೆ ಮಾಡೋದು?" ಎಂದು ಕೇಳಿದರು. ಮಗಳು ಅವರ ಮುಖವನ್ನು ಒಂದು ಕ್ಷಣ ನೋಡಿ, ಮೊಬೈಲನ್ನು ಅವರ ಕೈಗೇ ಕೊಟ್ಟಳು. "ಕೆಂಪು ಚುಕ್ಕಿ ಒತ್ತಿದ್ರೆ ಶುರು. ಇನ್ನೊಂದ್ಸಲ ಒತ್ತಿದ್ರೆ ನಿಂತುಹೋಗುತ್ತೆ ಅಪ್ಪ." ನಾಲ್ಕು ದಿನ ಅವರು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನಲ್ಲಿಯ ನೀರಿನ ಸದ್ದನ್ನು ರೆಕಾರ್ಡು ಮಾಡಿ ಕೈ ಪಳಗಿಸಿಕೊಂಡರು.

ಶುಕ್ರವಾರ ಊಟದ ಹೊತ್ತಿಗೆ, "ನಾಳೆ ಏಳನೇ ಪ್ಲಾಟ್‌ಫಾರಂ ಬಸ್ಸು ಹತ್ತೋಣ್ವಾ?" ಎಂದರು.

ಮೈಕಕ್ಕ ಚಮಚ ಕೆಳಗಿಟ್ಟಳು. ದಿನವೂ ಹತ್ತು ಗಂಟೆಗೆ ಏಳನೇ ಪ್ಲಾಟ್‌ಫಾರಂನಿಂದ ದೋಣಿಕಟ್ಟೆಯ ಬಸ್ಸು ಹೊರಡುತ್ತಿತ್ತು. ದ್ವೀಪಕ್ಕೆ ಹೋಗುವ ಪ್ರಯಾಣಿಕರು ಹತ್ತಿಕೊಳ್ಳಬೇಕು ಎಂದು ಇಪ್ಪತ್ತಾರು ವರ್ಷ ಕರೆದವಳು ಆ ಬಸ್ಸಿನ ಮೆಟ್ಟಿಲು ತುಳಿದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಆಗಾಗ ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದಳು. "ಹೋಗೋಣ," ಎಂದಳು.

ಮೇಷ್ಟ್ರ ಲೆಕ್ಕಾಚಾರ ಸರಳ. ಹೊಸ ಜಾಗ ಕಂಡರೆ ಹೆಂಡತಿ ಇಡೀ ದಿನ ಮೆಲ್ಲನೆಯಾದರೂ ಮಾತಾಡುತ್ತಾಳೆ. ಪಕ್ಕದಲ್ಲಿ ಕೂತು ಚುಕ್ಕಿ ಒತ್ತಿದರೆ ಸಾಕು. ಆಕೆ ಮಾತಾಡದ ದಿನವನ್ನು ಅವರು ಕಂಡಿರಲೇ ಇಲ್ಲ.

ದ್ವೀಪದ ದಂಡೆಯ ಮರಳು ಸಕ್ಕರೆಯಷ್ಟು ಬೆಳ್ಳಗಿತ್ತು. ನೀರಿನ ಕಡೆ ಬಾಗಿದ ತೆಂಗಿನ ಮರಗಳು, ಅವುಗಳ ಕೆಳಗೆ ಚೂರು ಚೂರು ನೆರಳು. ಉಳಿದ ಪ್ರಯಾಣಿಕರು ಕೊಡೆ ಚಾಪೆ ಹೊತ್ತು ದೋಣಿಯ ಹತ್ತಿರದಲ್ಲೇ ಹರಡಿಕೊಂಡರು. ಇವರಿಬ್ಬರು ಇನ್ನಷ್ಟು ಮುಂದೆ ಹೋಗಿ, ಬಿದ್ದ ಮರದ ಕಾಂಡವೊಂದಕ್ಕೆ ಬೆನ್ನು ಕೊಟ್ಟು ಕೂತರು. ಎದುರಿಗೆ ನೀರು ಮೊದಲು ಗಾಜಿನಂತೆ, ಆಮೇಲೆ ಹಸಿರು, ಆಮೇಲೆ ನೋಡಿದಷ್ಟೂ ನೀಲಿ.

"ಅಬ್ಬಾ," ಎಂದಳು ಮೈಕಕ್ಕ. "ಇದನ್ನಾ ನಾನು ದಿನಾ ಬರೀ ಬಾಯಲ್ಲಿ ಹೇಳ್ತಿದ್ದಿದ್ದು!"

ಮೇಷ್ಟ್ರು ಜೇಬಿನೊಳಗೆ ತಡಕಾಡಿ ಚುಕ್ಕಿ ಒತ್ತುವಷ್ಟರಲ್ಲಿ ಆ ಮಾತು ಆಗಿಹೋಗಿತ್ತು. ಮೊಬೈಲಿನ ಮೂತಿ ಅಂಗಿಯ ಜೇಬಿನಿಂದ ಸ್ವಲ್ಪ ಹೊರಗೆ ಕಾಣುವಂತೆ ಇಟ್ಟುಕೊಂಡು ಕಾದರು. ಹತ್ತು ನಿಮಿಷ ಕಳೆಯಿತು. ಮೈಕಕ್ಕ ಕೈಗಳನ್ನು ಮಂಡಿಗೆ ಸುತ್ತಿ ನೀರು ನೋಡುತ್ತಾ ಕೂತೇ ಇದ್ದಳು. ಸೀಗಲ್ ಹಕ್ಕಿ ಕೂಗಿತು, ಆಕೆ ಮಾತಾಡಲಿಲ್ಲ. ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು. ಬೇರೆ ದಾರಿ ಕಾಣದೆ ತಾವೇ ಬಾಯಿ ತೆರೆದರು.

"ಈ ನೀರು... ಉಪ್ಪಾ?"

ಮೈಕಕ್ಕ ತಿರುಗಿ ನೋಡಿದಳು. "ಹ್ಞೂಂ."

"ಏಡಿ ಯಾಕೆ ಪಕ್ಕಕ್ಕೇ ನಡೆಯುತ್ತೆ?"

ಆಕೆ ತುಟಿ ಮುಂದೆ ಮಾಡಿ, ಯಾರಿಗೆ ಗೊತ್ತು ಎಂಬಂತೆ ಕೈ ತಿರುವಿದಳು. ತಿರುವಿದ ಕೈ ಮೊಬೈಲಿಗೆ ಕೇಳಿಸುವುದಿಲ್ಲ.

"ನಿನ್ನ ಮೈಕಿನ ಕೋಣೆಗೆ ಆಡು ನುಗ್ಗಿತ್ತಲ್ಲ, ಆ ಕಥೆ ಹೇಳು."

"ನೂರು ಸಲ ಹೇಳಿದೀನಿ ರೀ."

"ಇನ್ನೊಂದ್ಸಲ."

"ನೀವೇ ಹೇಳಿ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡಿದೀರೋ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತೋ, ನೋಡೇಬಿಡೋಣ."

ಸಿಕ್ಕಿಬಿದ್ದರು. ಹೇಳದೆ ವಿಧಿಯಿರಲಿಲ್ಲ. ಮೊದಲು ತಡವರಿಸುತ್ತಾ, ಆಮೇಲೆ ಸರಾಗವಾಗಿ, ಮೈಕಕ್ಕ ನೀರು ಕುಡಿಯಲು ಎದ್ದಾಗ ಬಾಗಿಲು ತೆರೆದೇ ಇತ್ತು, ಆಡು ಒಳಗೆ ಬಂತು, ಮೇಜಿನ ಮೇಲಿನ ಟೈಂಟೇಬಲ್ಲು ತಿನ್ನುತ್ತಾ ಮೈಕಿಗೆ ಮುಖ ಕೊಟ್ಟು "ಬ್ಯಾ" ಎಂದಿತು, ಅದನ್ನು ಕೇಳಿದ ಮೂರನೇ ಪ್ಲಾಟ್‌ಫಾರಂನ ಡ್ರೈವರು ತನಗೇ ಹೇಳಿದ್ದು ಎಂದುಕೊಂಡು ಖಾಲಿ ಬಸ್ಸು ಹೊರಡಿಸಿಬಿಟ್ಟ ಎಂದು ಹೇಳಿದರು. "ಆ ಆಡಿಗೆ ಒಂದೇ ಕೊಂಬು ಇತ್ತು," ಎಂದು ಮುಗಿಸಿದರು.

"ಒಂದೇ ಕೊಂಬು!" ಮೈಕಕ್ಕ ಅವರ ತೋಳಿಗೆ ಹೊಡೆದಳು. "ಅದನ್ನ ನಾನೇ ಮರೆತಿದ್ದೆ ಕಣ್ರೀ. ಇವತ್ತೇನು, ಬಾಯಿಂದ ಮುತ್ತು ಉದುರ್ತಿದೆ?"

ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ತಿಂದಾಯಿತು. ಮೈಕಕ್ಕ ನೆರಳಿನಲ್ಲಿ ಟವೆಲು ಹಾಸಿ, ಇನ್ನೊಂದನ್ನು ಮುಖಕ್ಕೆ ಮುಚ್ಚಿ ಮಲಗಿದಳು. "ಹೇಳ್ತಾ ಇರಿ, ಕೇಳ್ತಾ ಇರ್ತೀನಿ," ಎಂದಳು. ಮೇಷ್ಟ್ರು ಹೇಳುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಆಕೆಯ ಉಸಿರು ಉದ್ದವಾಯಿತು, ಸಣ್ಣಗೆ ಗೊರಕೆಯೂ ಶುರುವಾಯಿತು. ಕೇಳುವವರಿಲ್ಲ ಎಂದು ಗೊತ್ತಾದರೂ ಅವರಿಗೆ ನಿಲ್ಲಿಸಲಾಗಲಿಲ್ಲ. ಅರವತ್ತು ವರ್ಷ ಬಿಗಿದಿದ್ದ ನಲ್ಲಿ, ತಿರುಗಿಸಿದ ಮೇಲೆ ಮತ್ತೆ ಕಟ್ಟಲು ಬರಲಿಲ್ಲ.

ಹಾಗೆ ಹೇಳುತ್ತಿರುವಾಗಲೇ ಗಂಟೆ ಕೇಳಿಸಿತು. ಮೇಷ್ಟ್ರು ತಲೆಯೆತ್ತಿದರು. "ಯಾರು ಹೊಡೀತಿರೋದು? ಕೈ ಸರಿ ಇಲ್ಲ. ಮಣಿಕಟ್ಟು ಸಡಿಲ ಬಿಡ್ಬೇಕು," ಎಂದು ತಮಗೆ ತಾವೇ ಹೇಳಿಕೊಂಡರು. ದೂರದಲ್ಲಿ ಜನ ಚಾಪೆ ಸುತ್ತುತ್ತಿದ್ದರು. ಎರಡನೇ ಗಂಟೆಗೆ ಆ ಜನ ಓಡತೊಡಗಿದರು. ಒಬ್ಬಾಕೆ ಮರಳಿನಲ್ಲಿ ಮುಗ್ಗರಿಸಿ ಬಿದ್ದು, ಎದ್ದು, ನಗುತ್ತಾ ಮತ್ತೆ ಓಡಿದಳು. ಮೇಷ್ಟ್ರಿಗೆ ನೋಡಲು ಹಿತವಾಗಿತ್ತು. ವರ್ಷವಾಗಿತ್ತು, ಗಂಟೆಗೆ ಜನ ಓಡುವುದನ್ನು ನೋಡಿ. ಮೂರನೆಯದೂ ಆಯಿತು. ಅವರು ಕಾಲು ಚಾಚಿ ಇನ್ನಷ್ಟು ಆರಾಮವಾಗಿ ಕಾಂಡಕ್ಕೆ ಒರಗಿದರು, ಫ್ಲಾಸ್ಕಿನ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡರು.

ಎಂಜಿನ್ನು ಗುಡುಗಿತು. ದೋಣಿ ಬೆನ್ನು ತಿರುಗಿಸಿದ ಮೇಲೆ ಅವರ ಕಣ್ಣು ಕಾಲ ಹತ್ತಿರ ಬಿಟ್ಟಿದ್ದ ಎರಡು ಜೊತೆ ಚಪ್ಪಲಿಯ ಮೇಲೆ ಬಿತ್ತು.

"ಏಳೇ! ಏಳು! ದೋಣಿ ಹೋಯ್ತು!"

ಮೈಕಕ್ಕ ಧಡಕ್ಕನೆ ಎದ್ದು ಕೂತಳು. ದಂಡೆಯಲ್ಲಿ ಒಂದು ಪಿಳ್ಳೆಯೂ ಇರಲಿಲ್ಲ. ನಾಳೆಯ ದೋಣಿ ಇಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ. ತಪ್ಪಿದರೆ ಮುಂದಿನ ತಿಂಗಳು. ಡಾಕ್ಟರು ಕಾಯಬಹುದು, ಗಂಟು ಕಾಯುವುದಿಲ್ಲ. ಮೇಷ್ಟ್ರು ಮಗಳಿಗೆ ಫೋನು ಮಾಡೋಣವೆಂದು ಮೊಬೈಲು ಹೊರತೆಗೆದರು. ಪರದೆಯ ಮೇಲೆ ಕೆಂಪು ಚುಕ್ಕಿ ಮಿನುಗುತ್ತಿತ್ತು, ಅಂಕಿಗಳು ಓಡುತ್ತಿದ್ದವು. ಗಾಬರಿಯಲ್ಲಿ ಚುಕ್ಕಿ ಒತ್ತಿದರು. ನಿಂತಿತು. ಟವರು ಇರಲಿಲ್ಲ.

"ಏನದು ಓಡ್ತಿದ್ದಿದ್ದು?" ಮೈಕಕ್ಕ ಕೇಳಿದಳು.

ಸುಳ್ಳು ಹೇಳುವಷ್ಟು ಮಾತಿನ ಅಭ್ಯಾಸ ಅವರಿಗಿರಲಿಲ್ಲ. "ನಿನ್ನ ದನಿ ಹಿಡೀಬೇಕು ಅಂತ ಇದ್ದೆ. ನೀನು ಬೇಡ ಅಂದಿದ್ದೆ, ಗೊತ್ತು. ನನಗೆ ಬೇಕಾಗಿತ್ತು. ನಿನ್ನ ಸದ್ದಿಲ್ಲದ ಮನೇಲಿ ನನಗೆ ಇರೋಕಾಗಲ್ಲ ಕಣೇ."

ಆಕೆ ಬೈಯುತ್ತಾಳೆ ಎಂದುಕೊಂಡಿದ್ದರು. ಆಕೆ ಬೈಯಲಿಲ್ಲ. ಟವೆಲು ಅಲ್ಲೇ ಬಿಟ್ಟು ನೀರಿನ ಕಡೆ ನಡೆದಳು. ಮೇಷ್ಟ್ರು ಮೊಬೈಲನ್ನು ಬುತ್ತಿಚೀಲಕ್ಕೆ ತುರುಕಿ, ಅವಳಿಗಿಂತ ಮುಂದೆ ಓಡಿ, ಸೊಂಟದವರೆಗೆ ನೀರಿಗಿಳಿದು "ಓಯ್!" ಎಂದು ಕೂಗಿದರು. ಬಳಸದ ಗಂಟಲು. ಕೋಳಿಮರಿ ಕೂಗಿದಷ್ಟೂ ಆಗಲಿಲ್ಲ. ಅಂಗಿ ಬಿಚ್ಚಿ ಬೀಸಿದರು. ದೋಣಿಯಲ್ಲಿ ಎಲ್ಲರೂ ಊರಿನ ಕಡೆ ಮುಖ ಮಾಡಿ ಕೂತಿದ್ದರು. ಮುಂದೆ ಎರಡು ಬಂಡೆಗಳ ನಡುವಿನ ಸಂದಿಗೆ ಬಂದಿದ್ದ ದೋಣಿ ಎಂಜಿನ್ನು ತಗ್ಗಿಸಿ ನಿಧಾನ ಮಾಡಿತು. ಆ ಸಂದಿ ದಾಟಿದರೆ ಮುಗಿಯಿತು.

ಮೈಕಕ್ಕ ಮಂಡಿಯುದ್ದ ನೀರಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡಳು.

"ಬೇಡ," ಎಂದು ಮೇಷ್ಟ್ರು ಹಿಂದಕ್ಕೆ ಬಂದು ಅವಳ ಕೈ ಹಿಡಿದರು. "ಡಾಕ್ಟ್ರು ಬೇಡ ಅಂದಿದಾರೆ."

"ಡಾಕ್ಟ್ರು ದೋಣಿಯಲ್ಲಿಲ್ವಲ್ಲ. ಅಂಗಿ ಹಾಕ್ಕೊಳ್ಳಿ. ಬಣ್ಣ ಹೇಳ್ಬೇಕು."

ಅವರು ಒದ್ದೆ ಅಂಗಿ ತೊಟ್ಟರು. ಆಕೆ ಮೈಕು ಪರೀಕ್ಷಿಸುವಂತೆ ಗಾಳಿಯಲ್ಲಿ ಬೆರಳಿನಿಂದ ಎರಡು ಸಲ ಕುಟ್ಟಿ, ಬೆನ್ನು ನೆಟ್ಟಗೆ ಮಾಡಿ, ಒಂದು ಅಕ್ಷರವನ್ನೂ ಅವಸರಿಸದೆ ಹೇಳಿದಳು:

"ಪ್ರಯಾಣಿಕರ ಗಮನಕ್ಕೆ! ನೀಲಿ ಅಂಗಿ ತೊಟ್ಟ, ಅರವತ್ತು ವರ್ಷದ, ಮಾತು ಕಡಿಮೆಯಿರುವ ಯಜಮಾನರೊಬ್ಬರು ದಂಡೆಯಲ್ಲಿ ಉಳಿದುಕೊಂಡಿದ್ದಾರೆ! ಅವರ ಕಡೆಯವರು ಅವರ ಜೊತೆಯಲ್ಲೇ ಇದ್ದಾರೆ! ದೋಣಿ ದಯವಿಟ್ಟು ಹಿಂದಕ್ಕೆ ಬರತಕ್ಕದ್ದು! ಧನ್ಯವಾದ!"

ಕೊನೆಯ ಪದದಲ್ಲಿ ದನಿ ಬಟ್ಟೆ ಹರಿದಂತೆ ಹರಿಯಿತು. ಆದರೆ ಅಷ್ಟರಲ್ಲಿ ದೋಣಿಯ ಅಷ್ಟೂ ತಲೆಗಳು ಒಟ್ಟಿಗೇ ತಿರುಗಿದ್ದವು. ಮೂರು ನಾಲ್ಕು ಜನ ತಮ್ಮ ಚೀಲ ಮುಟ್ಟಿ ನೋಡಿಕೊಂಡರು. ಎಂಜಿನ್ನು ನಿಂತಿತು. ದೋಣಿ ಮೂತಿ ತಿರುಗಿಸಿತು.

"ಮೈಕಕ್ಕ ನೀವಾ! ಮೊದ್ಲೇ ಹೇಳ್ಬಾರ್ದಾ?" ಎಂದು ದೋಣಿಯವನು ಇಬ್ಬರನ್ನೂ ಕೈಹಿಡಿದು ಹತ್ತಿಸಿಕೊಂಡ. "ಯಜಮಾನ್ರೇ, ನಿಮಗೆ ಗಂಟೆ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ನನಗೂ ಹೊಡೀತಿದಾರೆ ಅಂತ ಗೊತ್ತಾಗ್ಲಿಲ್ಲ."

ದೋಣಿಯೆಲ್ಲ ನಕ್ಕಿತು. ಮೈಕಕ್ಕ ಏನೋ ಹೇಳಲು ತುಟಿ ಆಡಿಸಿದಳು. ಉಸಿರು ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು, ಅದೇ ಆಯಿತು. ಮೇಷ್ಟ್ರ ಮುಖ ಬಿಳಿಚಿಹೋಯಿತು. ಮುಗಿದೇಹೋಯಿತು ಅನಿಸಿತು. ಆ ದೊಡ್ಡ ದನಿ ಬಂದ ಹೊತ್ತಿನಲ್ಲಿ ಮೊಬೈಲು ಬುತ್ತಿಚೀಲದಲ್ಲಿ ಸುಮ್ಮನೆ ಮಲಗಿತ್ತು ಎಂಬುದೂ ಆಗಲೇ ನೆನಪಾಯಿತು. "ತಪ್ಪು ನಂದು. ಎಲ್ಲಾ ನನ್ನಿಂದ," ಎಂದು ಶುರುಮಾಡಿದರು. ಮೈಕಕ್ಕ ಚೀಲದಿಂದ ಉಳಿದಿದ್ದ ಬಾಳೆಹಣ್ಣು ತೆಗೆದು, ಸುಲಿದು, ಅವರ ಬಾಯಿಗೆ ತುರುಕಿದಳು. ದಡ ಮುಟ್ಟುವವರೆಗೂ ಅವರ ಒದ್ದೆ ತೋಳನ್ನು ಬಿಡಲಿಲ್ಲ.

ಭಾನುವಾರ ಎಂಟಕ್ಕೆ ಹತ್ತು ನಿಮಿಷ ಮೊದಲೇ ಆಸ್ಪತ್ರೆ ಸೇರಿದರು. ಸೋಮವಾರ ಗಂಟು ಹೊರಬಂತು. ಮೇಷ್ಟ್ರು ಮೂರು ಸಲ ಕೇಳಿದ್ದಕ್ಕೆ ಡಾಕ್ಟರು ಮೂರು ಸಲವೂ ಅದೇ ಹೇಳಿದರು: "ಕೂಗಿದ್ದರಿಂದ ಏನೂ ಕೆಟ್ಟಿಲ್ಲ. ದನಿ ಬರಬಹುದು, ಬರದೇನೂ ಇರಬಹುದು. ಹದಿನೈದು ದಿನ ಒಂದಕ್ಷರ ಆಡೋ ಹಾಗಿಲ್ಲ. ಆಮೇಲೆ ನೋಡೋಣ."

ಬುಧವಾರ ಮಧ್ಯಾಹ್ನ ಮಗಳು ಹಾಸಿಗೆಯ ಪಕ್ಕ ಕೂತು ಮೊಬೈಲನ್ನು ಅಲ್ಲಲ್ಲಿ ಓಡಿಸಿ ಕೇಳಿದಳು. "ಅಪ್ಪ, ಇದರಲ್ಲಿ ಅಮ್ಮ ಎಲ್ಲಿ? ಎರಡೂವರೆ ಗಂಟೆ ಬರೀ ನೀವೇ ಇದೀರಲ್ಲ!"

ಮೇಷ್ಟ್ರು ಪೆಚ್ಚಾಗಿ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಮೈಕಕ್ಕ ಕೈ ಚಾಚಿದಳು. ಮಗಳು ಇಯರ್‌ಫೋನನ್ನು ತಾಯಿಯ ಕಿವಿಗಿಟ್ಟು, ಔಷಧಿ ತರಲು ಕೆಳಗೆ ಹೋದಳು.

ಮೊದಲು ಅಲೆಯ ಸದ್ದು. ನೀರು ಉಪ್ಪಾ ಎಂಬ ಪ್ರಶ್ನೆ. ಆಡಿನ ಕಥೆಗೆ ಮೈಕಕ್ಕ ಪಟ್ಟಿ ಕಟ್ಟಿದ ಕುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ನಕ್ಕಳು. ಆಮೇಲೆ ತನ್ನದೇ ಗೊರಕೆ ಕೇಳಿ ನಾಚಿದಳು. ಗೊರಕೆಯ ಆಚೆಯಿಂದ ಗಂಡನ ದನಿ ಬರುತ್ತಲೇ ಇತ್ತು.

"...ಮಲಗಿದೀಯಾ? ಮಲಗು. ನಿನಗೆ ಒಂದು ವಿಷಯ ಹೇಳೇ ಇಲ್ಲ. ಹತ್ತಕ್ಕೆ ಸರಿಯಾಗಿ ನಾನು ಸುತ್ತಿಗೆ ಎತ್ತುತ್ತಿದ್ದೆ ಕಣೇ. ಆಗಲೇ ಬಸ್‌ಸ್ಟ್ಯಾಂಡ್ ಕಡೆಯಿಂದ ನಿನ್ನ ದನಿ ಬರ್ತಿತ್ತು, ಏಳನೇ ಪ್ಲಾಟ್‌ಫಾರಂ ಅಂತ. ನಾನು ಹೊಡೆದ್ರೆ ಅದು ಮುಳುಗಿಹೋಗುತ್ತಲ್ಲ. ಹಾಗೇ ಎತ್ತಿ ಹಿಡ್ಕೊಂಡು ನಿಲ್ತಿದ್ದೆ. ನೀನು ಧನ್ಯವಾದ ಅಂದ ಮೇಲೆ ಹೊಡೀತಿದ್ದೆ. ಅರ್ಧ ನಿಮಿಷ ಆಗ್ತಿತ್ತು. ಹೆಡ್‌ಮಾಸ್ಟ್ರು ಒಬ್ರು ವಾಚು ಹಿಡ್ಕೊಂಡೇ ಬಂದು, ದಿನಾ ಯಾಕೆ ಅರ್ಧ ನಿಮಿಷ ತಡ ಅಂತ ಕೇಳಿದ್ರು. ಸುತ್ತಿಗೆ ಭಾರ ಅಂದೆ. ಅಷ್ಟು ವರ್ಷ ಆ ಶಾಲೆ ಅರ್ಧ ನಿಮಿಷ ತಡವಾಗೇ ನಡೀತು. ಮಕ್ಕಳೇನೂ ಹಾಳಾಗ್ಲಿಲ್ಲ ಬಿಡು... ಯಾರು ಹೊಡೀತಿರೋದು? ಕೈ ಸರಿ ಇಲ್ಲ..."

ಮೈಕಕ್ಕ ಹಿಂದಕ್ಕೆ ಓಡಿಸಿ ಅದನ್ನೇ ಮತ್ತೊಮ್ಮೆ ಕೇಳಿದಳು. ಇನ್ನೂ ಒಮ್ಮೆ ಕೇಳಿದಳು. ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. ಬರೆಯಲೆಂದು ಮಗಳು ತಂದಿಟ್ಟಿದ್ದ ಸ್ಲೇಟು ದಿಂಬಿನ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ಚಮಚ ತೆಗೆದುಕೊಂಡು ಸ್ಟೀಲ್ ಲೋಟದ ಅಂಚಿಗೆ, ಮಣಿಕಟ್ಟು ಸಡಿಲ ಬಿಟ್ಟು, ಹೊಡೆದಳು.

ಹೊರಗೆ ಬೆಂಚಿನ ಮೇಲೆ ಹತ್ತಾರು ಜನ ತೂಕಡಿಸುತ್ತಿದ್ದರು. ಯಾರೂ ಅಲುಗಲಿಲ್ಲ. ಮೇಷ್ಟ್ರು ಮೊದಲನೇ ಏಟಿಗೇ ಎದ್ದರು. ಎರಡನೆಯದು ಬೀಳುವಷ್ಟರಲ್ಲಿ ಬಾಗಿಲು ದಾಟಿ ಒಳಗಿದ್ದರು. ಅವರ ಚಪ್ಪಲಿ ಬೆಂಚಿನ ಕೆಳಗೇ ಉಳಿದಿತ್ತು.